ಬಲಗಡೆ ಚಕ್ರದ ಸದ್ದು

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆ ಕಟ್ಟಿದವರು ಯಾರೋ ಏನೋ, ಅವರು ಖಂಡಿತ ಗ್ಯಾರೇಜ್ ಇಟ್ಟುಕೊಂಡವರೇ ಇರಬೇಕು ಎಂದು ಚೌಡೇಶ್ವರಿ ಹಲ್ಲು ಕಡಿದಳು.

ಹಲ್ಲು ಕಡಿಯದೆ ಇನ್ನೇನು? ಕಾರಿಗೆ ಕಾಯಿಲೆ ಇದ್ದಷ್ಟು ದಿನ ಪ್ರಸನ್ನಕುಮಾರ್ ದಿನಾ ಬರುತ್ತಿದ್ದ. ಅವನಿಗೆ ಬಬ್ಬೂರು ಫಾರ್ಮಿನಲ್ಲಿ ಮಣ್ಣು ಪರೀಕ್ಷೆಯ ಕೆಲಸ. ಹಿರಿಯೂರಿನ ಮನೆಯಿಂದ ಫಾರ್ಮಿಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಆ ಹಳೆಯ ಬಿಳಿ ಕಾರು ಓಬಳೇಶಪ್ಪನ ಗ್ಯಾರೇಜಿನ ಮುಂದೆ ನಿಲ್ಲಲೇಬೇಕು. ವೈಪರ್ ಕಿರ್ ಅನ್ನುತ್ತಿದೆ ಎನ್ನುವನು. ಈ ಬಿಸಿಲಲ್ಲಿ ವೈಪರ್ ಯಾಕೆ ಹಾಕಿದಿರಿ ಸರ್ ಎಂದು ಕೇಳಿದರೆ ತಲೆ ಕೆರೆದುಕೊಳ್ಳುವನು. ಹಾರನ್ ಸಣ್ಣಗಾಗಿದೆ ಎನ್ನುವನು. ಅವಳು ಹಾರನ್ ಒತ್ತಿದರೆ ಎದುರಿನ ಟೀ ಅಂಗಡಿಯ ಕೆಂಚಪ್ಪ ಕೈಯಲ್ಲಿದ್ದ ಗ್ಲಾಸ್ ಚೆಲ್ಲಿಕೊಳ್ಳುವನು.

"ಚೆನ್ನಾಗೇ ಐತಲ್ಲ ಸರ್!"

"ಈಗ ಚೆನ್ನಾಗಿದೆ. ನೀವು ಕೈ ಇಟ್ರಲ್ಲ."

ಇಂಥ ಮಾತು ಆಡಿ, ತಾನೇ ಕೆಂಪಗಾಗಿ, ಬಾಗಿಲು ಹಾಕಿಕೊಂಡು ಹೊರಟುಬಿಡುವನು. ಅವಳು ಗ್ರೀಸ್ ಕೈಯನ್ನು ಬಟ್ಟೆಗೆ ಒರೆಸುತ್ತಾ ಆ ಕಾರು ತಿರುವು ದಾಟುವವರೆಗೂ ನೋಡುವಳು. ನೋಡುತ್ತಿಲ್ಲ ಎಂಬಂತೆ ನೋಡುವಳು, ಪಾಪ.

ಚೌಡೇಶ್ವರಿಯ ಅಪ್ಪ ಓಬಳೇಶಪ್ಪನಿಗೆ ಮಂಡಿ ಕೈಕೊಟ್ಟ ಮೇಲೆ ಗ್ಯಾರೇಜು ಅವಳದೇ. ಅಪ್ಪ ಮೂಲೆಯ ಕುರ್ಚಿಯಲ್ಲಿ ಕೂತು ಬಾಯಿ ಕೆಲಸ ಮಾಡುವನು, ಇವಳು ಕೈ ಕೆಲಸ. ಇಂಜಿನ್ನಿಗೆ ಕಿವಿಗೊಟ್ಟು ಕಣ್ಣು ಮುಚ್ಚಿದಳೆಂದರೆ ರೋಗ ಇಂಥಾ ಜಾಗದಲ್ಲಿದೆ ಎಂದು ಬೆರಳಿಟ್ಟು ತೋರಿಸುವಳು. ಹಾಗೆಂದು ಊರೇನು ಸುಮ್ಮನಿರುತ್ತದೆಯೇ? ಹೆಣ್ಣುಮಗಳು ಬಿಗಿ ಮಾಡಿದ ನಟ್ಟು ನಿಲ್ಲುತ್ತದಾ ಎಂದು ಕೆಂಚಪ್ಪನ ಬೆಂಚಿನ ಮೇಲೆ ದಿನಾ ಪಂಚಾಯ್ತಿ. ಇವಳದೊಂದು ತಪ್ಪು ಸಿಗಲಿ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವವರಿಗೆ ಆ ಬೆಂಚಿನಲ್ಲಿ ಬರವಿರಲಿಲ್ಲ.

ಹೀಗಿರುವಾಗ ಬಿಳಿ ಕಾರಿಗೆ ಒಂದು ದಿನ ನಿಜವಾದ ಕಾಯಿಲೆಯೇ ಬಂತು. ಮುಂದಿನ ಚಕ್ರದಲ್ಲಿ ಗೊಂಯ್ ಎಂಬ ಸದ್ದು. ಸ್ಪೀಡ್ ಏರಿದಂತೆಲ್ಲ ಸದ್ದೂ ಏರುತ್ತಿತ್ತು. ಬೇರಿಂಗ್ ಹೋಗಿದೆ ಎಂದು ಯಾರು ಬೇಕಾದರೂ ಹೇಳುತ್ತಿದ್ದರು. ಎಡಗಡೆಯದೋ ಬಲಗಡೆಯದೋ ಎಂದು ಹೇಳುವುದಕ್ಕೆ ಮಾತ್ರ ಕಿವಿ ಬೇಕು. ಕಾರನ್ನು ಎಡಕ್ಕೆ ತಿರುಗಿಸಿದರೆ ಭಾರ ಬಲಗಡೆ ಚಕ್ರದ ಮೇಲೆ ಬೀಳುತ್ತದೆ, ಬಲಕ್ಕೆ ತಿರುಗಿಸಿದರೆ ಎಡಗಡೆಯದರ ಮೇಲೆ. ಯಾವ ಕಡೆ ತಿರುಗಿಸಿದಾಗ ಸದ್ದು ಜೋರಾಗುತ್ತದೆ ಎಂದು ಕೇಳಿಸಿಕೊಂಡರೆ ಕಳ್ಳ ಸಿಕ್ಕಿಬೀಳುತ್ತಾನೆ.

"ಡ್ಯಾಮ್ ರೋಡಿಗೆ ಹೋಗಾಣ ನಡೀರಿ" ಎಂದು ಅವಳು ಅವನ ಎಡಕ್ಕೆ ಕೂತಳು. ಸಾಮಾನ್ಯವಾಗಿ ಗಿರಾಕಿಯ ಗಾಡಿಯನ್ನು ತಾನೇ ಓಡಿಸುವವಳು, ಅವತ್ತು ಯಾಕೋ ಓಡಿಸಲಿಲ್ಲ. ಯಾಕೆ ಎಂದು ಕೇಳಬೇಡಿ.

ಖಾಲಿ ರಸ್ತೆ. ಎರಡೂ ಕಡೆ ದಾಳಿಂಬೆ ತೋಟ. ಅವಳು ಕಣ್ಣು ಮುಚ್ಚಿ, ತಲೆ ವಾಲಿಸಿ, "ಹಂಗೇ ಎಡಕ್ಕೆ ಎಳೀರಿ... ಈಗ ಬಲಕ್ಕೆ..." ಎನ್ನುತ್ತಿದ್ದಳು. ಕಾರು ಆ ಕಡೆ ಈ ಕಡೆ ತೂಗುತ್ತಿತ್ತು. ಆಗ ಪ್ರಸನ್ನಕುಮಾರ್ ಮೆಲ್ಲಗೆ ಅಂದ:

"ಕಣ್ಣು ಮುಚ್ಕೊಂಡ್ರೆ ನೀವು ತುಂಬಾ ಚೆನ್ನಾಗಿ ಕಾಣ್ತೀರಿ."

ಅವಳು ಫಕ್ಕನೆ ಕಣ್ಣು ಬಿಟ್ಟಳು. ಅವನು ರಸ್ತೆ ನೋಡುತ್ತಿರಲಿಲ್ಲ. ಅವಳ ಎದೆ ಧಸಕ್ ಎಂದಿತು. ಸದ್ದು ಜೋರಾದದ್ದು ಎಡಕ್ಕೆ ಎಳೆದಾಗಲೋ ಬಲಕ್ಕೆ ಎಳೆದಾಗಲೋ, ಶಿವನೇ ಬಲ್ಲ.

"ರೋಡ್ ನೋಡ್ರಿ ಸರ್" ಎಂದಳು.

"ಯಾವ ಕಡೇದು ಗೊತ್ತಾಯ್ತಾ?"

"ಎಡಗಡೇದು" ಎಂದುಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅಪ್ಪ ಅವತ್ತು ಹಿರೇಗುಂಟನೂರಿಗೆ ಮದುವೆಗೆಂದು ಹೋಗಿದ್ದ. ಇದ್ದಿದ್ದರೆ ಎರಡೂ ಚಕ್ರ ಎತ್ತಿ ತಿರುಗಿಸಿ ನೋಡು ಎಂದು ಗದರಿರುತ್ತಿದ್ದ. ಇವಳು ಎಡಗಡೆಯದನ್ನೇ ಬಿಚ್ಚಿದಳು. ಹಳೆಯ ಬೇರಿಂಗ್ ಕೊಂಚ ಒಣಗಿದಂತೆ ಕಂಡಿತು. ನೋಡಿದಿರಾ ಇದೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಚಕ್ರ ಕೂರುವ ಹೊಸ ಹಬ್, ಹೊಸ ಬೇರಿಂಗ್ ಹಾಕಿದಳು.

ಆ ಗ್ಯಾರೇಜಿನದು ಒಂದು ಕಟ್ಟಳೆ ಇತ್ತು. ಚಕ್ರ ಬಿಚ್ಚಿ ಕೂರಿಸಿದವರೇ ಆ ಗಾಡಿಯಲ್ಲಿ ಮೊದಲ ಸುತ್ತು ಹೋಗಬೇಕು. ಆ ಚಕ್ರದಡಿ ನಿಂಬೆಹಣ್ಣು ಇಟ್ಟು, ಹತ್ತಿಸಿ, ಡ್ಯಾಮ್ ರೋಡಿನಲ್ಲಿ ಹೋಗಿ ಬರಬೇಕು. "ನೀನು ಕೂರಿಸಿದ ಚಕ್ರದ ಮೇಲೆ ಮೊದ್ಲು ನಿನ್ ಜೀವ ಇಡು, ಆಮೇಲೆ ಗಿರಾಕಿ ಜೀವ" ಎಂದು ಓಬಳೇಶಪ್ಪ ಮಗಳಿಗೆ ಹೇಳಿಕೊಟ್ಟ ಮೊದಲ ಪಾಠವೇ ಅದು.

ಆ ಸಂಜೆ ಪ್ರಸನ್ನಕುಮಾರ್ ಎಡಗಡೆಯ ಬಾಗಿಲು ತೆರೆದು ಹಿಡಿದುಕೊಂಡೇ ನಿಂತಿದ್ದ. ಎದುರಿಗೆ ಕೆಂಚಪ್ಪನ ಬೆಂಚು ಭರ್ತಿ. "ಬೆಳಿಗ್ಗೆನೂ ಹೋಗಿದ್ಲು, ಸಂಜೇನೂ ಹೊಂಟ್ಲು ನೋಡ್ರಪ್ಪೋ" ಎಂದು ಯಾರೋ ಕಿಸಕ್ಕೆಂದರು. ಅವಳ ಕಿವಿಯೆಲ್ಲ ಬಿಸಿಯಾಯಿತು.

"ನೀವು ಹೋಗ್ರಿ ಸರ್. ಏನೂ ಆಗಲ್ಲ" ಎಂದು ಒಳಗೆ ಓಡಿಬಿಟ್ಟಳು.

ಅವನು ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, ಬಾಗಿಲು ಹಾಕಿಕೊಂಡು ಹೋದ. ಅಷ್ಟೇ. ಮರುದಿನದಿಂದ ಆ ಬಿಳಿ ಕಾರು ಗ್ಯಾರೇಜಿನ ಮುಂದೆ ಹಾಯಲೇ ಇಲ್ಲ. ಒಂದು ವಾರ ಆಯಿತು, ಎರಡಾಯಿತು, ಮೂರಾಯಿತು. ಹೊಳೆ ದಾಟಿತು, ಅಂಬಿಗ ಯಾರಿಗೆ ಬೇಕು!

ಅತ್ತಕಡೆ ಅವ್ವ ಶಾಂತಕ್ಕ ಹೊಳಲ್ಕೆರೆಯ ಸಂಬಂಧ ಹಿಡಿದು ಕೂತಿದ್ದಳು. ಒಳ್ಳೆಯ ಮನೆತನ, ಸ್ವಂತ ಅಂಗಡಿ. ಅವರದು ಒಂದೇ ಮಾತು: ಮದುವೆ ಆದ ಮೇಲೆ ಹುಡುಗಿ ಸ್ಪ್ಯಾನರ್ ಮುಟ್ಟಬಾರದು.

"ಭಾನುವಾರದೊಳಗೆ ಹೂಂ ಅಂತೀಯೋ ಉಹೂಂ ಅಂತೀಯೋ ಹೇಳ್ಬಿಡು ನನ್ ತಾಯಿ" ಎಂದಳು ಶಾಂತಕ್ಕ. "ಉಹೂಂ ಅಂದ್ರೆ ಕಾರಣ ಬೇಕು. ಸುಮ್‌ಸುಮ್ಕೆ ಬ್ಯಾಡ ಅಂದ್ರೆ ನಾನು ಯಾವ ಮುಖ ಇಟ್ಕಂಡು ಹೇಳ್ಲಿ?"

ಚೌಡೇಶ್ವರಿ ಪಾತ್ರೆ ಕುಕ್ಕಿದಳು. ಗ್ಯಾರೇಜ್ ಬಿಟ್ಟು ಬದುಕುವುದು ಅವಳಿಂದಾಗದು. ಆದರೆ ಉಹೂಂ ಅನ್ನಲು ಅವಳಿಗಿದ್ದ ನಿಜವಾದ ಕಾರಣ ಬೇರೆ, ಅದು ಬಿಳಿ ಕಾರು ಹತ್ತಿ ಹೊರಟುಹೋಗಿತ್ತು. ಅವನಿಗೆ ತನ್ನ ಮೇಲೆ ಮನಸ್ಸಿತ್ತೋ ಇಲ್ಲವೋ? ಇಷ್ಟು ಗೊತ್ತಾದರೆ ಸಾಕಿತ್ತು. ಒಂದು ಸಲ ಅವನೆದುರು ನಿಂತು ಕೇಳೋಣವೆಂದರೆ ಮನುಷ್ಯ ಕಣ್ಣಿಗೇ ಬೀಳನು.

ಶನಿವಾರ ಹನ್ನೊಂದರ ಹೊತ್ತಿಗೆ ಕರೆಂಟ್ ಹೋಯಿತು. ಕಂಪ್ರೆಸರ್ ನಿಂತಿತು, ಪಕ್ಕದ ವೆಲ್ಡಿಂಗ್ ಅಂಗಡಿ ನಿಂತಿತು, ಅಪ್ಪನ ರೇಡಿಯೋ ಕೂಡ ಬಾಯಿ ಮುಚ್ಚಿತು. ಓಮ್ನಿಯೊಂದರ ಅಡಿಯಲ್ಲಿ ಮಲಗಿದ್ದ ಚೌಡೇಶ್ವರಿಯ ಕಿವಿ ನೆಟ್ಟಗಾಯಿತು. ಗ್ಯಾರೇಜಿನ ಹಿಂದಿನ ಓಣಿಯಿಂದ ಸಣ್ಣಗೆ ಒಂದು ಸದ್ದು ಬರುತ್ತಿತ್ತು.

ಗೊಂಯ್...

ಸಾವಿರ ಗಾಡಿಗಳ ನಡುವೆಯೂ ಅವಳು ಗುರುತು ಹಿಡಿಯಬಲ್ಲ ಸದ್ದು! ತಾನು ತೆಗೆದೆನೆಂದುಕೊಂಡಿದ್ದ ಸದ್ದು!

ಓಮ್ನಿಯ ಅಡಿಯಿಂದ ಹೇಗೆ ಎದ್ದಳೋ, ಹಿತ್ತಿಲ ಬಾಗಿಲು ಹೇಗೆ ದಾಟಿದಳೋ. ಓಣಿಯ ನಡುಮಧ್ಯೆ ಸೊಂಟಕ್ಕೆ ಕೈಯಿಟ್ಟು ನಿಂತುಬಿಟ್ಟಳು. ಬಿಳಿ ಕಾರು ಗಕ್ಕನೆ ನಿಂತಿತು. ಸ್ಟೇರಿಂಗ್ ಹಿಂದೆ ಪ್ರಸನ್ನಕುಮಾರನ ಮುಖ ಹಾಲು ಕುಡಿದು ಸಿಕ್ಕಿಬಿದ್ದ ಬೆಕ್ಕಿನಂತಿತ್ತು.

"ಇಳೀರಿ" ಎಂದಳು.

ಇಳಿದ.

"ಸದ್ದು ಅವತ್ತಿಂದಾನೇ ಐತಾ?"

"ಯಾವ ಸದ್ದು?"

"ಸರ್!"

"...ಐತೆ" ಎಂದ ನೆಲ ನೋಡುತ್ತಾ. "ಅವತ್ತು ಸರ್ಕಲ್ ದಾಟಿ ಸ್ಪೀಡ್ ಮಾಡಿದ ತಕ್ಷಣ ಗೊತ್ತಾಯ್ತು. ಹೋಗಿಲ್ಲ ಅಂತ."

"ಮತ್ತೆ ವಾಪಸ್ ಯಾಕ್ ಬರ್ಲಿಲ್ಲ?"

"ಹೆಂಗ್ ಬರ್ಲಿ? ಎದುರಿಗೆ ಅಷ್ಟು ಜನ. ನಿಮ್ಮದೊಂದು ತಪ್ಪಿಗೆ ಬಾಯಿ ಬಿಟ್ಕೊಂಡು ಕೂತಿದ್ರು. ನನ್ನ ಕಾರಿಂದಾನೇ ಅವ್ರಿಗೆ ಅದು ಸಿಗಬಾರ್ದು ಅನ್ನಿಸ್ತು. ಮುಂದಿನ ರೋಡಲ್ಲಿ ಬಂದ್ರೆ ನಿಮ್ಮ ಕಿವಿಗೆ ಬೀಳುತ್ತೆ ಅಂತ ಈ ಓಣಿ ಹಿಡಿದೆ."

"ಬೇರೆ ಗ್ಯಾರೇಜಿಗಾದ್ರೂ ಹೋಗ್ಬೇಕಿತ್ತು!"

"ಹೋದೆ. ಗೇಟ್‌ವರೆಗೂ ಹೋದೆ" ಎಂದ ಅವನು. "ನೀವು ಬಿಚ್ಚಿದ ಚಕ್ರಾನ ಇನ್ನೊಬ್ರು ಬಿಚ್ಚಿ, ಯಾರ್ರೀ ಇದನ್ನ ಮಾಡಿದ್ದು ಅಂತ ಕೇಳ್ತಾರಲ್ಲ. ಅದು ನನಗೆ ಆಗಲಿಲ್ಲ."

ಚೌಡೇಶ್ವರಿಗೆ ಉಕ್ಕಿಬಂದದ್ದು ಪ್ರೀತಿ ಅಂದುಕೊಂಡಿರಾ? ಅಲ್ಲ. ಕೆಂಡದಂಥ ಸಿಟ್ಟು.

"ಬುದ್ಧಿ ಐತೇನ್ರೀ ನಿಮಗೆ? ಆ ಬೇರಿಂಗ್ ಪುಡಿಯಾಗಿ ಹೈವೇನಾಗೆ ಚಕ್ರ ಹಿಡ್ಕಂಡಿದ್ರೆ? ಹಿಂದಿಂದ ಲಾರಿ ಬಂದಿದ್ರೆ? ನನ್ ಮರ್ಯಾದೆ ಉಳಿಸಾಕೆ ನೀವು ಸಾಯ್ತೀರಾ? ಹೆಣ್ಮಗಳು ಪಾಪ, ತಪ್ಪು ಅಂತ ಹೇಳಿದ್ರೆ ಅತ್ಬಿಡ್ತಾಳೆ ಅನ್ಕಂಡ್ರಾ? ಆ ಬೆಂಚಿನ ಮೇಲೆ ಕುಂತೋರಾದ್ರೂ ನನ್ನ ಮೆಕ್ಯಾನಿಕ್ ಅಂತ ನೋಡ್ತಾರೆ, ನೀವು ಅಷ್ಟೂ ನೋಡ್ಲಿಲ್ಲ!"

ಅಳುವುದಿಲ್ಲ ಎಂದು ಹೇಳುತ್ತಲೇ ಕಣ್ಣು ತುಂಬಿತು. ಗ್ರೀಸ್ ಕೈಯಿಂದಲೇ ಒರೆಸಿಕೊಂಡಳು. ಕೆನ್ನೆಯ ಉದ್ದಕ್ಕೂ ಕಪ್ಪು ಗೆರೆ ಎದ್ದಿತು.

"ತಪ್ಪಾಯ್ತು" ಎಂದ ಅವನು. "ನೀವು ಹೇಳಿದ್ದು ನಿಜ. ನಾನು ಹಂಗೆ ಯೋಚನೆ ಮಾಡ್ಲಿಲ್ಲ."

"ನಿಮ್ಮಮ್ಮನ್ನೂ ಇದರಾಗೇ ಕುಂದ್ರಿಸ್ಕಂಡು ಓಡಾಡಿದ್ರಾ?"

"ಇಲ್ಲಪ್ಪ! ಅಮ್ಮನ್ನ ಕಣ್ಣು ತೋರ್ಸೋಕೆ ದುರ್ಗಕ್ಕೆ ಬಸ್ಸಲ್ಲಿ ಕರ್ಕೊಂಡು ಹೋದೆ. ರಿಪೇರಿ ಮಾಡಿಸಿದ ಕಾರು ಮನೆ ಮುಂದೆ ಇಟ್ಕೊಂಡು ನನ್ನ ಬಸ್ಸಲ್ಲಿ ನಿಲ್ಲಿಸ್ಕೊಂಡು ಹೋದ ಅಂತ ಊರಿಗೆಲ್ಲ ಹೇಳ್ಕೊಂಡು ಬೈತಿದ್ದಾರೆ."

ನಗು ಬಂದುಬಿಟ್ಟಿತು ಅವಳಿಗೆ. ತುಟಿ ಕಚ್ಚಿ ತಡೆದಳು. ತಡೆಯುವ ಭರದಲ್ಲಿ ಬೇರೆ ಮಾತು ಬಾಯಿಂದ ಜಾರಿತು.

"ಮೂರು ವಾರ ಮುಖ ತೋರಿಸ್ದೇ ಇದ್ದಿದ್ದು ಅದಕ್ಕೇನಾ?"

ಅವನು ತಲೆಯೆತ್ತಿದ. "ನೀವು ಕಾಯ್ತಿದ್ರಾ?"

"ಗಾಡಿ ತಳ್ರಿ" ಎಂದಳು ಮುಖ ತಿರುಗಿಸಿ. "ಸ್ಟಾರ್ಟ್ ಮಾಡಂಗಿಲ್ಲ. ಆ ಚಕ್ರದ ಮೇಲೆ ಇನ್ನೊಂದು ಮಾರು ದೂರಾನೂ ಓಡಿಸ್ಬಾರ್ದು. ಮೆಲ್ಲಕೆ ತಳ್ಳಾಣ."

ಇಬ್ಬರೂ ಪಕ್ಕಪಕ್ಕ ನಿಂತು ತಳ್ಳಿದರು. ಅವನು ಒಂದು ಕೈ ಸ್ಟೇರಿಂಗಿಗೆ ಚಾಚಬೇಕಾದಾಗಲೆಲ್ಲ ಅವನ ತೋಳು ಅವಳ ತೋಳಿಗೆ ತಾಗುತ್ತಿತ್ತು. ಓಣಿ ಸುತ್ತಿ ಗ್ಯಾರೇಜಿನ ಮುಂಬಾಗಿಲಿಗೆ ಬಂದಾಗ ಕೆಂಚಪ್ಪನ ಬೆಂಚು ಎದ್ದು ನಿಂತಿತು.

"ಏನಾತವ್ವೋ? ಮೊನ್ನೆ ರಿಪೇರಿ ಆದ ಗಾಡಿ ಅಲ್ವೇನು ಅದು?" ಕೆಂಚಪ್ಪ ಕೂಗಿದ.

ಪ್ರಸನ್ನಕುಮಾರ್ ಬಾಯಿ ತೆರೆಯುವ ಮೊದಲೇ ಚೌಡೇಶ್ವರಿ ಬೀದಿಗೆಲ್ಲ ಕೇಳುವಂತೆ ಹೇಳಿದಳು:

"ಹೂಂ ಕೆಂಚಪ್ಪಣ್ಣ, ಅದೇ ಗಾಡಿ. ಸದ್ದು ಇದ್ದಿದ್ದು ಬಲಗಡೆ, ನಾನು ಬಿಚ್ಚಿದ್ದು ಎಡಗಡೆ. ತಪ್ಪು ನಂದೇ. ಈಗ ಸರಿ ಮಾಡ್ತೀನಿ. ನೋಡೋದಿದ್ರೆ ಬಂದು ನೋಡ್ರಿ."

ಬೆಂಚಿನವರು ಮುಖಮುಖ ನೋಡಿಕೊಂಡರು. ಬೇಟೆಯೇ ಬಂದು ಎದುರಿಗೆ ಕೂತರೆ ಯಾರು ಏನು ಮಾಡಬೇಕು? "ತಪ್ಪು ಯಾರಿಂದ ಆಗಲ್ಲ ಬಿಡವ್ವ" ಎಂದು ಕೆಂಚಪ್ಪ ಗೊಣಗಿ ಟೀ ಸೋಸುವುದಕ್ಕೆ ಹೋದ. ಚೌಡೇಶ್ವರಿಗೆ ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು.

ಓಬಳೇಶಪ್ಪ ಕುರ್ಚಿಯಿಂದ ಎಲ್ಲವನ್ನೂ ನೋಡುತ್ತಿದ್ದ. "ಲೇ ಚೌಡಿ, ಈ ಸಲ ಎರಡೂ ಚಕ್ರ ಎತ್ತು" ಎಂದನಷ್ಟೇ.

ಎತ್ತಿದಳು. ಎಡಗಡೆಯದನ್ನು ತಿರುಗಿಸಿ ಚಕ್ರದ ಹಿಂದಿನ ಸ್ಪ್ರಿಂಗಿನ ಮೇಲೆ ಕೈಯಿಟ್ಟಳು. ತಣ್ಣಗಿತ್ತು, ನಡುಕವಿಲ್ಲ. ಬಲಗಡೆಯದನ್ನು ತಿರುಗಿಸಿದಳು. ಅಂಗೈಗೆ ಜುಮ್ ಎಂದು ತಾಗಿತು.

"ಕೈ ಕೊಡ್ರಿ" ಎಂದಳು.

"ಹಾಂ?"

"ಕೈ ಕೊಡ್ರಿ ಸರ್. ಯಾವುದರ ಮೇಲೆ ಕುಂತು ಓಡಾಡಿದ್ರಿ ಅಂತ ಗೊತ್ತಾಗ್ಲಿ."

ಅವನ ಕೈ ಹಿಡಿದು ಸ್ಪ್ರಿಂಗಿನ ಮೇಲಿಟ್ಟು ಚಕ್ರ ತಿರುಗಿಸಿದಳು. ಅವನ ಅಂಗೈಗೂ ಜುಮ್ ಎಂದಿತು. ಚಕ್ರ ನಿಂತ ಮೇಲೂ ಅವಳು ಆ ಕೈ ಬಿಡಲಿಲ್ಲ, ಅದಕ್ಕೆ ಬೇರಿಂಗ್ ಕಾರಣವಲ್ಲ. ಮೂಲೆಯಲ್ಲಿ ಓಬಳೇಶಪ್ಪ ಕೆಮ್ಮಿದ. ಇಬ್ಬರೂ ಕೈ ಎಳೆದುಕೊಂಡರು.

ಆಮೇಲೆ ಅವಳಿಗೆ ಲೋಕದ ಪರಿವೆಯಿರಲಿಲ್ಲ. ಚಕ್ರ ಬಿಚ್ಚಿದಳು, ನಡುವಿನ ದೊಡ್ಡ ನಟ್ಟಿಗೆ ಉದ್ದನೆಯ ಪೈಪ್ ಹಾಕಿ ಮೈಭಾರ ಬಿಟ್ಟು ಸಡಿಲಿಸಿದಳು, ಬ್ರೇಕ್ ಕಳಚಿ ತಂತಿಯಲ್ಲಿ ತೂಗುಹಾಕಿದಳು. ಹಬ್ ಸಮೇತ ಅದು ಕೂತಿದ್ದ ಇಡೀ ಗಡುಸು ಕಬ್ಬಿಣವನ್ನು ಕೈಪ್ರೆಸ್ಸಿಗೆ ಕೊಟ್ಟು ಒತ್ತಿದಾಗ ಟಕ್ ಎಂದು ಹಬ್ ಹೊರಬಂತು. ಬೇರಿಂಗಿನ ಅರ್ಧ ಬಳೆ ಹಬ್ಬಿಗೇ ಕಚ್ಚಿಕೊಂಡು ಬಂದಿತ್ತು. ಒಳಗಿನ ಗುಂಡುಗಳು ನೀಲಿಗಟ್ಟಿ ಸಿಡುಬು ಬಂದಂತೆ ಗುಳಿ ಬಿದ್ದಿದ್ದವು. ಹಬ್ಬಿನ ಮೈಯೂ ತೇದುಹೋಗಿತ್ತು.

ಚೌಡೇಶ್ವರಿ ಅದನ್ನು ಅಂಗೈಯಲ್ಲಿಟ್ಟುಕೊಂಡು ತುಂಬಾ ಹೊತ್ತು ನೋಡಿದಳು. ಇನ್ನೆಷ್ಟು ದಿನ ತಡೆಯುತ್ತಿತ್ತೋ. ಹೊಸ ಬೇರಿಂಗನ್ನು ಸೊಟ್ಟಗಾಗದಂತೆ ಕೂರಿಸಿ, ಲಾಕ್ ಹಾಕಿ, ಹೊಸ ಹಬ್ ಒತ್ತಿ, ನಟ್ಟು ಬಿಗಿ ಮಾಡಿ, ಮತ್ತೊಮ್ಮೆ ಬಿಗಿ ನೋಡಿದಳು. ಚಕ್ರ ತಿರುಗಿಸಿ ಸ್ಪ್ರಿಂಗಿನ ಮೇಲೆ ಕೈಯಿಟ್ಟಳು. ಏನೂ ಇಲ್ಲ. ತಣ್ಣಗಿತ್ತು.

"ನಿಂಬೆಹಣ್ಣು" ಎಂದ ಓಬಳೇಶಪ್ಪ. ಶಾಂತಕ್ಕ ಬೆಳಿಗ್ಗೆ ಡಬ್ಬಿಯ ಜೊತೆ ಕಳಿಸಿದ್ದ ನಿಂಬೆಹಣ್ಣನ್ನು ಅವನೇ ಬಗ್ಗಿ, ಮಂಡಿ ನೋವಿಗೆ ಅಮ್ಮಾ ಎನ್ನುತ್ತಾ, ಬಲಗಡೆ ಚಕ್ರದ ಅಡಿಯಿಟ್ಟ. "ಚಕ್ರ ಬಿಚ್ಚಿದೋಳು ಹತ್ತು. ಹೋದ ಸಲ ಹತ್ತಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ."

ಪ್ರಸನ್ನಕುಮಾರ್ ಎಡಗಡೆಯ ಬಾಗಿಲು ತೆರೆದು ಹಿಡಿದ. ಕೆಂಚಪ್ಪನ ಬೆಂಚು ಭರ್ತಿಯಿತ್ತು. ಇರಲಿ ಬಿಡಿ. ಚೌಡೇಶ್ವರಿ ಕೂದಲು ಸರಿಮಾಡಿಕೊಂಡು, ಆ ಬೆಂಚನ್ನು ಒಮ್ಮೆ ನೋಡಿ, ಹತ್ತಿ ಕೂತಳು. ನಿಂಬೆಹಣ್ಣು ಪಚ್ ಎಂದಿತು.

ಊರು ದಾಟಿತು. ದಾಳಿಂಬೆ ತೋಟಗಳು ಬಂದವು, ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಅವಳು ಎರಡೂ ಕಿಟಕಿ ಇಳಿಸಿದಳು.

"ಸ್ಪೀಡ್ ಮಾಡ್ರಿ. ಈಗ ಎಡಕ್ಕೆ... ಬಲಕ್ಕೆ... ಇನ್ನೊಂದ್ ಸಲ ಎಡಕ್ಕೆ."

ಸದ್ದಿಲ್ಲ. ಟಯರು ಡಾಂಬರಿನ ಮೇಲೆ ಉರುಳುವುದೊಂದೇ ಕೇಳುತ್ತಿತ್ತು.

"ಹೋಯ್ತು" ಎಂದಳು.

"ಹೋಯ್ತು" ಎಂದ ಅವನೂ.

ಇಷ್ಟು ದಿನ ಮಾತಾಡಲು ಕಾರಿಗೆ ಒಂದು ಕಾಯಿಲೆಯಾದರೂ ಇತ್ತು. ಈಗ ಅದೂ ಇಲ್ಲ. ಕಾರು ಡ್ಯಾಮಿನ ಏರಿ ಕಾಣುವಲ್ಲಿ ಹುಣಸೆಮರದ ನೆರಳಿಗೆ ಬಂದು ನಿಂತಿತು.

ಅವಳೇ ಧೈರ್ಯ ಮಾಡಿದಳು. "ಹೊಳಲ್ಕೆರೆಯಿಂದ ಸಂಬಂಧ ಬಂದೈತೆ ಸರ್. ನಾಳೆಯೊಳಗೆ ಹೇಳ್ಬೇಕು."

ಅವನ ಕೈ ಸ್ಟೇರಿಂಗಿನ ಮೇಲೆ ಬಿಗಿಯಾಯಿತು. "ನೀವೇನಂತೀರಿ?"

"ಅವ್ರು ಗ್ಯಾರೇಜ್ ಬಿಡು ಅಂತಾರೆ."

"ನಾನು ಬಿಡು ಅನ್ನಲ್ಲ."

"ನೀವು ಯಾವತ್ತು ಏನಂದಿದ್ದೀರಿ? ವೈಪರ್ ಅಂದ್ರಿ, ಹಾರನ್ ಅಂದ್ರಿ. ಬೇರೇನು ಅಂದಿದ್ದೀರಿ ಹೇಳ್ರಿ ನೋಡಾಣ!"

ಅವನು ನಕ್ಕ, ಆಮೇಲೆ ನಗು ಬಿಟ್ಟು ಅವಳ ಕಡೆ ಪೂರ್ತಿ ತಿರುಗಿ ಕೂತ. "ಸರಿ, ಹೇಳ್ತೀನಿ. ನಂಗೆ ನೀವು ಬೇಕು ಚೌಡೇಶ್ವರಿ. ಗ್ರೀಸ್ ಕೈ, ಈ ಸಿಟ್ಟು, ಗ್ಯಾರೇಜು, ಎಲ್ಲಾ ಸಮೇತ. ಅಮ್ಮಂಗೂ ಗೊತ್ತು. ಬಸ್ಸಲ್ಲಿ ನಿಂತ ಸಿಟ್ಟಿಗೆ ನಿನ್ನೆ ರಾತ್ರಿ ನಿಜ ಕಕ್ಕಿಸಿದ್ರು. 'ಅಷ್ಟು ಮನಸ್ಸಿದ್ರೆ ಹೋಗಿ ಬಾಯ್ಬಿಟ್ಟು ಹೇಳೋ, ಕಾರ್ ಯಾಕೆ ಹಾಳ್ಮಾಡ್ತೀಯ' ಅಂದ್ರು. ಇವತ್ತು ಮನೆಯಿಂದ ಅದಕ್ಕೇ ಹೊರಟಿದ್ದು. ಓಣಿಗೆ ಬರೋವರೆಗೂ ಧೈರ್ಯ ಇತ್ತು."

ಸಂತೋಷಕ್ಕೆ ಅಳು ಬರುತ್ತದೆ ಎನ್ನುತ್ತಾರಲ್ಲ, ಅದು ಸುಳ್ಳಲ್ಲ. ಆದರೂ ಮೆಕ್ಯಾನಿಕ್ ಮೆಕ್ಯಾನಿಕ್ಕೇ.

"ನಂದೊಂದು ಕಂಡೀಷನ್ ಐತೆ. ನಂದು ತಪ್ಪಾದ್ರೆ ನನ್ ಮುಖಕ್ಕೇ ಹೇಳ್ಬೇಕು. ಓಣಿ ಹಿಡಿದು ಹೋಗಂಗಿಲ್ಲ."

"ಈಗ್ಲೇ ಒಂದು ಹೇಳ್ಲಾ?"

"ಹೇಳ್ರಿ."

"ಇನ್ನೂ ಸರ್ ಅಂತಿದ್ದೀರಲ್ಲ, ಅದು ತಪ್ಪು."

ಅವಳು ನಕ್ಕಳು. ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಅವನು ಜೇಬಿನಿಂದ ಕರ್ಚೀಫ್ ತೆಗೆದು ಅವಳ ಕೆನ್ನೆಯ ಕಪ್ಪು ಗೆರೆಯನ್ನು ಮೆಲ್ಲಗೆ ಒರೆಸಿದ. ಗ್ರೀಸ್ ಹೋಗಲಿಲ್ಲ, ಇನ್ನಷ್ಟು ಹರಡಿತು. ಅವಳೂ ಬೇಡವೆನ್ನಲಿಲ್ಲ.

ಆಗಲೇ ಫೋನ್ ಬಡಿದುಕೊಂಡಿತು. ಶಾಂತಕ್ಕ.

"ಹೊಳಲ್ಕೆರೆಯೋರು ಫೋನ್ ಮಾಡಿದ್ರು ಕಣೇ. ಏನಂತ ಹೇಳ್ಲಿ?"

ಚೌಡೇಶ್ವರಿ ಪಕ್ಕಕ್ಕೆ ನೋಡಿದಳು. ಅವನು ಉಸಿರು ಬಿಗಿಹಿಡಿದು ಕೂತಿದ್ದ.

"ಉಹೂಂ ಅಂತ ಹೇಳ್ಬಿಡವ್ವ."

"ಕಾರಣ?"

"ಪಕ್ಕದಾಗೇ ಕುಂತೈತೆ. ಕರ್ಕಂಡ್ ಬಂದು ತೋರಿಸ್ತೀನಿ."

"ಬಿಳಿ ಕಾರಿಂದೇನೇ ಅದು?" ಎಂದಳು ಶಾಂತಕ್ಕ.

"ಹೂಂ."

"ಅಯ್ಯೋ, ಅದನ್ನ ಮೂರು ವಾರದ ಹಿಂದೆನೇ ಹೇಳಿದ್ರೆ ನನ್ ಪಾತ್ರೆಗಳಾದ್ರೂ ಉಳೀತಿದ್ವಲ್ಲೇ!" ಫೋನ್ ಕಟ್ಟಾಯಿತು.

ಅವನು ಉಸಿರು ಬಿಟ್ಟು ಕಾರು ಸ್ಟಾರ್ಟ್ ಮಾಡಿದ. "ವಾಪಸ್ ತಿರುಗಿಸ್ಲಾ? ನಿಮ್ಮಪ್ಪ ಕಾಯ್ತಿರ್ತಾರೆ."

ಚೌಡೇಶ್ವರಿ ಸೀಟಿಗೆ ಒರಗಿ ಕಣ್ಣು ಮುಚ್ಚಿ, ತಲೆ ವಾಲಿಸಿ, ಕಿವಿಗೊಟ್ಟಳು. ಈ ಸಲ ಅವನು ನೋಡುತ್ತಿದ್ದಾನೆಂದು ಗೊತ್ತಿದ್ದೂ ಕಣ್ಣು ತೆರೆಯಲಿಲ್ಲ.

"ಮೊದಲ ಸುತ್ತು ಇನ್ನೂ ಮುಗ್ದಿಲ್ಲ ಪ್ರಸನ್ನ" ಎಂದಳು. "ಇನ್ನೊಂದ್ ಸ್ವಲ್ಪ ದೂರ ಹೋಗಾಣ."